ಎರಡು ಮನೆಗೆ ಒಂದೇ ಮಾದರಿಯ ಕಮೋಡ್ ಆಗುತ್ತದೆಯೇ?

ಪ್ರಶ್ನೆ: ಕೊಪ್ಪಳದಲ್ಲಿ ನಮ್ಮ ತಾತನ ಕಾಲದ ಮನೆ ಇದೆ. ಹಿತ್ತಲಲ್ಲಿ ಒಂದೇ ಒಂದು ಸಂಡಾಸ, ಅದೂ ಕುಕ್ಕರುಗಾಲಲ್ಲಿ ಕೂರುವ ಇಂಡಿಯನ್ ಪ್ಯಾನ್. ಅವ್ವನಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಕೆಳಗೆ ಕೂರುವಂತಿಲ್ಲ. ಬಳ್ಳಾರಿಯಲ್ಲಿ ಸಿರುಗುಪ್ಪ ರಸ್ತೆ ಕಡೆಯ ಲೇಔಟ್‌ನಲ್ಲಿ ನಾವು ಕಟ್ಟಿಸಿದ ಮನೆಗೆ ಈಗ ಆರು ವರ್ಷ. ಮೊದಲು ಅದು ಕಪ್ಪು ಮಣ್ಣಿನ ಎರೆಹೊಲವಾಗಿತ್ತು. ಅಲ್ಲಿನ ಕಮೋಡ್ ಬುಡದಲ್ಲಿ ನೀರು ಜಿನುಗುತ್ತದೆ, ಬೇಸಿಗೆಯಲ್ಲಿ ವಾಸನೆ, ಆಗಾಗ ಕಟ್ಟಿಕೊಳ್ಳುತ್ತದೆ. ಎರಡೂ ಕಡೆ ಹೊಸದು ಹಾಕಿಸೋಣವೆಂದು ಅಂಗಡಿಗೆ ಹೋದರೆ, ಒಂದೇ ಮಾದರಿಯ, ಟ್ಯಾಂಕೂ ಕಮೋಡೂ ಕೂಡಿ ಒಂದೇ ತುಂಡಾಗಿರುವ ಎರಡು ಒನ್‌ಪೀಸ್ ಕಮೋಡ್ ತಗೊಂಡರೆ ರಿಯಾಯಿತಿ ಕೊಡುತ್ತೇನೆ ಎಂದರು. ಮುಂಗಡ ಕೊಡಬಹುದೇ? ಕೊಪ್ಪಳದ ಗೌಂಡಿ, ಹಳೇ ಪ್ಯಾನ್ ಕಿತ್ತು ಅದರ ಜಾಗದಲ್ಲೇ ಕಮೋಡ್ ಕೂರಿಸಿಬಿಡೋಣ, ಒಂದು ದಿನದ ಕೆಲಸ ಎನ್ನುತ್ತಾನೆ.

ಉತ್ತರ: ಮುಂಗಡ ಕೊಡಬೇಡಿ. ಎರಡು ಮನೆಗೂ ಒಂದೇ ಕಮೋಡ್ ಹೊಂದುವುದು ಕಷ್ಟ, ಬಳ್ಳಾರಿಯ ಮನೆಗಂತೂ ಹೊಸ ಕಮೋಡ್ ಬೇಕೇ ಬೇಕು ಅಂತಲೂ ಇಲ್ಲ. ಕಮೋಡನ್ನು ಆರಿಸುವುದು ಅಂಗಡಿಯಲ್ಲಿ ಅಲ್ಲ, ನಿಮ್ಮ ಮನೆಯ ನೆಲದಲ್ಲಿರುವ ತೂತಿನ ಮುಂದೆ ಟೇಪು ಹಿಡಿದು ಕೂತಾಗ.

ಮೊದಲು ಆ ಅಳತೆಯ ವಿಷಯ. ಕಮೋಡಿನ ಹೊರದಾರಿ ಎರಡು ಬಗೆ. ನೆಲಕ್ಕೆ ಇಳಿಯುವುದು ಎಸ್ ಟ್ರ್ಯಾಪ್, ಹಿಂದಿನ ಗೋಡೆಗೆ ನುಗ್ಗುವುದು ಪಿ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಹಿಂಗೋಡೆಯಿಂದ ತೂತಿನ ನಡುಮಧ್ಯಕ್ಕೆ ಎಷ್ಟು ಅಂತರ ಅನ್ನುವುದೇ ಮುಖ್ಯ. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 4, 9 ಮತ್ತು 12 ಇಂಚಿನ ಅಂತರಕ್ಕೆ ಮಾಡಿದವು. ಅಳೆಯುವಾಗ ಗಿಲಾವಿನಿಂದ ಅಲ್ಲ, ಟೈಲ್ಸಿನ ಮುಖದಿಂದ ಅಳೆಯಿರಿ. ಟೈಲ್ಸು ಇನ್ನೂ ಹಾಕಿಲ್ಲದಿದ್ದರೆ ಅದರ ದಪ್ಪ ಮತ್ತು ಅಂಟಿನ ದಪ್ಪ ಸೇರಿಸಿ ಮುಕ್ಕಾಲು ಇಂಚಿನಿಂದ ಒಂದು ಇಂಚು ಕಳೆಯಬೇಕು. 9 ಇಂಚಿನ ತೂತಿಗೆ 12 ಇಂಚಿನ ಕಮೋಡ್ ತಂದರೆ ಅದು ಕೂರುವುದೇ ಇಲ್ಲ, ಹಿಂದೆ ಗೋಡೆ ಅಡ್ಡ ಬರುತ್ತದೆ. 12 ಇಂಚಿನ ತೂತಿಗೆ 9 ಇಂಚಿನದು ತಂದರೆ ಕೂರುತ್ತದೆ, ಆದರೆ ಟ್ಯಾಂಕಿಗೂ ಗೋಡೆಗೂ ನಡುವೆ ಮೂರು ಇಂಚಿನ ಸಂದು ಬಿದ್ದು, ಹಲ್ಲಿ ಜಿರಳೆಗಳ ಸಂಸಾರಕ್ಕೆ ಜಾಗವಾಗುತ್ತದೆ. ಪಿ ಟ್ರ್ಯಾಪಿಗೆ ನೋಡಬೇಕಾದ್ದು ಎತ್ತರ: ಸಿದ್ಧ ನೆಲದಿಂದ ಪೈಪಿನ ನಡುಮಧ್ಯಕ್ಕೆ ಸುಮಾರು 7 ಇಂಚು, ಅಂದರೆ 180 ಮಿ.ಮೀ. ಆಸುಪಾಸು. ಹಳೆಯ ಟೈಲ್ಸಿನ ಮೇಲೆಯೇ ಹೊಸ ಟೈಲ್ಸು ಹಾಕಿಸಿದರೆ ಈ ಎತ್ತರವೂ ಬದಲಾಗುತ್ತದೆ. ಇದನ್ನು ಬಹಳ ಮಂದಿ ಮರೆಯುತ್ತಾರೆ.

ಒನ್‌ಪೀಸ್ ಮಾದರಿಗಳಲ್ಲಿ ಹೆಚ್ಚಿನವು ಎಸ್ ಟ್ರ್ಯಾಪಿನವು, ಅವುಗಳಲ್ಲೂ ಸೈಫನ್ ಬಗೆಯವು ಬಹಳ. ಆ ಬಗೆಯದು ಸದ್ದಿಲ್ಲದೆ ಎಳೆಯುತ್ತದೆ, ನೋಡಲು ಚಂದ. ಆದರೆ ಅದರ ಒಳದಾರಿ ಸಪೂರ, ತಿರುವು ಜಾಸ್ತಿ. ಟ್ಯಾಂಕಿನಿಂದ ಬೇಕಾದಷ್ಟು ನೀರು ಒಮ್ಮೆಲೇ ಧುಮುಕಿದರೆ ಮಾತ್ರ ಕೆಲಸ ಮಾಡುತ್ತದೆ. ನಮ್ಮ ಕಡೆ ನಳದ ನೀರು ದಿನವೂ ಬರುವುದಿಲ್ಲ. ಬೇಸಿಗೆಯಲ್ಲಿ ಮೇಲಿನ ಟ್ಯಾಂಕು ಬರಿದಾದ ದಿನ ಬಕೆಟ್ಟೇ ಗತಿ. ನೀರಿನ ರಭಸದಿಂದಲೇ ಮಲ ತಳ್ಳುವ ವಾಷ್‌ಡೌನ್ ಬಗೆಯ ಕಮೋಡಿಗೆ ಅರ್ಧ ಬಕೆಟ್ ನೀರು ರಭಸವಾಗಿ ಸುರಿದರೆ ಸಾಕು, ಎಲ್ಲ ಹೋಗುತ್ತದೆ. ಹಾಗಾಗಿ ಎರಡೂ ಮನೆಗೆ ನನ್ನ ಸಲಹೆ ವಾಷ್‌ಡೌನ್, 3 ಮತ್ತು 6 ಲೀಟರಿನ ಎರಡು ಬಟನ್ನಿನ ಟ್ಯಾಂಕು, ಐಎಸ್ 2556 (ಇಂಥ ಪಿಂಗಾಣಿಗೆ ಇರುವ ಭಾರತೀಯ ಮಾನಕ) ಗುರುತಿನ ಪಿಂಗಾಣಿ. ಅಂಗಡಿಯವರು ಪೈಪಿನ ನೀರಿನ ಒತ್ತಡದಲ್ಲೇ ತೊಳೆಯುವ ಫ್ಲಶ್ ವಾಲ್ವ್ ತೋರಿಸಿದರೆ ಬೇಡ ಅನ್ನಿ. ಮಾಳಿಗೆಯ ಮೇಲೆ ನಾಲ್ಕೈದು ಅಡಿ ಎತ್ತರದಲ್ಲಿ ಕೂತ ಟ್ಯಾಂಕಿನ ಒತ್ತಡ ಅದಕ್ಕೆ ಸಾಲುವುದಿಲ್ಲ.

ಈಗ ಬಳ್ಳಾರಿಯ ಮನೆ. ನೀವು ಹೇಳಿದ ಮೂರು ದೂರುಗಳು ಮೂರು ಬೇರೆ ಕಾರಣದವು ಇರಬಹುದು. ಕಮೋಡ್ ಬದಲಿಸಿದರೆ ಅವುಗಳಲ್ಲಿ ಹೆಚ್ಚೆಂದರೆ ಒಂದು ಹೋದೀತು.

ಜಿನುಗುವ ನೀರು ಎಲ್ಲಿಯದು ಅಂತ ಮೊದಲು ಪತ್ತೆ ಮಾಡಿ. ನೆಲ ಒರೆಸಿ ಒಣಗಿಸಿ, ಕಮೋಡಿನ ಸುತ್ತ ಹಳೆ ಪೇಪರ್ ಹಾಸಿ. ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕಾರು ಹನಿ ಬಿಡಿ. ಒಂದು ಗಂಟೆ ಯಾರೂ ಫ್ಲಶ್ ಮಾಡಬಾರದು, ಹ್ಯಾಂಡ್ ಫಾಸೆಟ್ಟನ್ನೂ ಮುಟ್ಟಬಾರದು. ಅಷ್ಟರಲ್ಲಿ ಕಮೋಡಿನ ಒಳಗೆ ನೀಲಿ ಇಳಿದಿದ್ದರೆ ಟ್ಯಾಂಕಿನೊಳಗಿನ ರಬ್ಬರ್ ಹೋಗಿದೆ, ಅದು ಸಣ್ಣ ಕೆಲಸ. ಪೇಪರ್ ತೊಯ್ದಿದ್ದರೂ ನೀಲಿ ಇಲ್ಲ ಅಂದರೆ ಟ್ಯಾಂಕಿಗೆ ನೀರು ಬಿಡುವ ಆಂಗಲ್ ಕಾಕಿನಲ್ಲೋ ಕನೆಕ್ಷನ್ ಪೈಪಿನಲ್ಲೋ ಸೋರುತ್ತಿದೆ. ಫ್ಲಶ್ ಮಾಡಿದ ಮೇಲಷ್ಟೇ ಬುಡದಿಂದ ನೀಲಿ ಬಂದರೆ ನೆಲದ ಜಾಯಿಂಟ್ ಬಿಟ್ಟಿದೆ. ಇವ್ಯಾವುವೂ ಆಗದೆ, ತೊಳೆದುಕೊಂಡಾಗ ಮಾತ್ರ ಬುಡ ಒದ್ದೆಯಾದರೆ, ಅದು ಫಾಸೆಟ್ಟಿನ ನೀರು ಕಮೋಡಿನ ಅಡಿಗೆ ಹೋಗಿ ನಿಧಾನವಾಗಿ ಹೊರಬರುವುದು ಅಷ್ಟೇ. ಈ ಕೊನೆಯದಕ್ಕಾಗಿಯೇ ಗಟ್ಟಿಮುಟ್ಟಾದ ಕಮೋಡನ್ನು ಕಿತ್ತು ಒಡೆದವರುಂಟು.

ನೆಲದ ಜಾಯಿಂಟ್ ಅಂತಲೇ ಆದರೆ, ಅಲ್ಲಿ ಬಿಳಿ ಸಿಮೆಂಟು ತುಂಬಿರುವ ಸಾಧ್ಯತೆ ಹೆಚ್ಚು. ಪಿವಿಸಿ ಪೈಪಿಗೆ ಸಿಮೆಂಟು ಹಿಡಿಯುವುದಿಲ್ಲ. ಬಳ್ಳಾರಿಯ ಬಿಸಿಲಿಗೆ ಪೈಪು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಒಂದೆರಡು ವರ್ಷದಲ್ಲಿ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಇದಕ್ಕೆ ಇರುವುದು ಪ್ಯಾನ್ ಕನೆಕ್ಟರ್ ಅನ್ನುವ ರಬ್ಬರ್ ತುಟಿಯ ತುಂಡು. ಕಮೋಡ್ ಎತ್ತಿ, ಪೈಪಿನ ಬಾಯಿ ಸ್ವಚ್ಛ ಮಾಡಿ, ಇದನ್ನು ಕೂರಿಸಿ, ಕಮೋಡನ್ನು ಸ್ಕ್ರೂಗಳಿಂದ ನೆಲಕ್ಕೆ ಬಿಗಿದು, ಸುತ್ತ ಸಿಲಿಕಾನ್ ಹಚ್ಚಬೇಕು. ಹಿಂಭಾಗದಲ್ಲಿ ಎರಡು ಇಂಚು ಜಾಗ ಸಿಲಿಕಾನ್ ಇಲ್ಲದೆ ಬಿಡಿಸಿ. ಮುಂದೆಂದಾದರೂ ಜಾಯಿಂಟ್ ಸೋರಿದರೆ ಅಲ್ಲಿಂದ ಹೊರಬಂದು ಕಣ್ಣಿಗೆ ಬೀಳುತ್ತದೆ. ಪೂರ್ತಿ ಮುಚ್ಚಿದರೆ ಒಳಗೊಳಗೇ ನೆಲ ಕುಡಿಯುತ್ತದೆ. ಒಂದು ಎಚ್ಚರಿಕೆ: ಆಗ ಕೂರಿಸಿದವರು ಕಮೋಡಿನ ಅಡಿಗೆಲ್ಲ ಸಿಮೆಂಟು ಗಾರೆ ತುಂಬಿದ್ದರೆ ಅದು ಇಡಿಯಾಗಿ ಎದ್ದು ಬರುವುದು ಅಪರೂಪ. ಒಡೆದರೆ ಆಗ ಹೊಸದು ಕೊಳ್ಳಿ, ಅದಕ್ಕೆ ಮೊದಲು ಬೇಡ.

ವಾಸನೆಯ ಬಗ್ಗೆ. ಕಮೋಡಿನ ಬಾಗಿನಲ್ಲಿ ಯಾವಾಗಲೂ ನೀರು ನಿಂತಿರುತ್ತದೆ, ಸುಮಾರು 50 ಮಿ.ಮೀ. ಆಳ. ಗುಂಡಿಯ ಗಾಳಿಯನ್ನು ತಡೆಯುವುದು ಆ ನೀರೇ. ಬಚ್ಚಲಿನ ಮೂಲೆಯಲ್ಲಿ ನೆಲದ ನೀರು ಇಳಿಯುವ ನಹಣಿ ಟ್ರ್ಯಾಪಿನಲ್ಲೂ ಅಂಥದ್ದೇ ನೀರು ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಹಳ ದಿನ ಬಳಸದ ಬಾತ್‌ರೂಮಿನಲ್ಲಿ ಆ ನಹಣಿ ಒಣಗಿಬಿಡುತ್ತದೆ. ಬೈಸಿಕೊಳ್ಳುವುದು ಮಾತ್ರ ಕಮೋಡು. ವಾಸನೆ ಬಂದ ದಿನ ನಹಣಿಗೆ ಎರಡು ತಂಬಿಗೆ ನೀರು ಸುರಿದು ಅರ್ಧ ಗಂಟೆ ಬಿಟ್ಟು ನೋಡಿ. ಹೋದರೆ ರೋಗ ಗೊತ್ತಾಯಿತು, ಮದ್ದೂ ಸಿಕ್ಕಿತು. ಹೋಗದಿದ್ದರೆ ಮಾಳಿಗೆಯ ಮೇಲೆ ಗಾಳಿಪೈಪು ಇದೆಯೇ ನೋಡಿ. ಅದು ಇಲ್ಲದ ಮನೆಯಲ್ಲಿ ಒಂದು ಕಡೆ ಫ್ಲಶ್ ಮಾಡಿದರೆ ಇನ್ನೊಂದು ಕಡೆಯ ಬಾಗಿನ ನೀರು ಗುಳುಗುಳು ಅಂತ ಎಳೆದುಕೊಂಡು ಹೋಗುತ್ತದೆ.

ಮೂರನೆಯದು, ಆಗಾಗ ಕಟ್ಟಿಕೊಳ್ಳುವುದು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಇದೇ, ಅದಕ್ಕೆ ಕಾರಣ ‘ಎರೆಹೊಲವಾಗಿತ್ತು’ ಅನ್ನುವ ಮಾತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮನೆ ಗಟ್ಟಿ ಪಾಯದ ಮೇಲೆ ನಿಂತಿರುತ್ತದೆ, ಆದರೆ ಮನೆಯಿಂದ ಹೊರಗಿನ ಚೇಂಬರಿಗೆ (ಪೈಪುಗಳು ಕೂಡುವ, ಮುಚ್ಚಳವಿರುವ ತೊಟ್ಟಿಗೆ) ಹೋಗುವ ಪೈಪು ಬರೀ ಮಣ್ಣಿನಲ್ಲಿ ಮಲಗಿರುತ್ತದೆ. ಮಣ್ಣು ಏರಿಳಿದಂತೆ ಪೈಪೂ ಏರಿಳಿದು, ಗೋಡೆ ದಾಟುವ ಜಾಗದಲ್ಲೇ ಮುರಿಯುತ್ತದೆ, ಇಲ್ಲವೇ ಇಳಿಜಾರು ಕಳೆದುಕೊಂಡು ನಡುವೆ ಹೊಟ್ಟೆ ಬಿಡುತ್ತದೆ. ಆ ಹೊಟ್ಟೆಯಲ್ಲಿ ಮಲ ನಿಂತು ಗಟ್ಟಿಯಾಗುತ್ತದೆ. ಎಷ್ಟೇ ದುಬಾರಿಯ ಕಮೋಡ್ ತಂದರೂ ಇದಕ್ಕೆ ಪರಿಹಾರವಿಲ್ಲ.

ಪರೀಕ್ಷೆ ಸುಲಭ. ಮನೆ ಹೊರಗಿನ ಮೊದಲ ಚೇಂಬರಿನ ಮುಚ್ಚಳ ತೆಗೆಸಿ, ಒಳಗೊಬ್ಬರು ಒಂದು ಬಕೆಟ್ ನೀರು ಸುರಿಯಲಿ. ನೀರು ಭರ್ರನೆ ಬಂದು ಪೈಪಿನ ಬಾಯಿ ಖಾಲಿಯಾಗಬೇಕು. ತಡವಾಗಿ, ಸೊರಗಿ ಬಂದರೆ ಅಥವಾ ಸುರಿದಷ್ಟು ಬರದೇ ಹೋದರೆ ದೋಷ ಮಣ್ಣಿನೊಳಗಿದೆ. ಆ ತುಂಡನ್ನು ಅಗೆಸಿ ಬದಲಿಸಬೇಕಾಗುತ್ತದೆ. 110 ಮಿ.ಮೀ. ಎಸ್‌ಡಬ್ಲ್ಯುಆರ್ (ಮಲ, ಕೊಳಚೆ ನೀರಿಗೆಂದೇ ಮಾಡಿದ) ಪೈಪು, ಅಂಟಿನ ಬದಲು ರಬ್ಬರ್ ರಿಂಗಿನ ಜಾಯಿಂಟು (ಅದು ಸ್ವಲ್ಪ ಅಲುಗಾಟ ತಾಳಿಕೊಳ್ಳುತ್ತದೆ), 10 ಅಡಿಗೆ 3 ಇಂಚು ಇಳಿಜಾರು. ಅಗೆದ ಎರೆಮಣ್ಣನ್ನೇ ಮತ್ತೆ ಮುಚ್ಚಿಸಬೇಡಿ. ಪೈಪಿನ ಕೆಳಗೆ, ಮೇಲೆ, ಎರಡೂ ಪಕ್ಕ ಉಸುಕು ತುಂಬಿಸಿ. ಗೋಡೆ ದಾಟುವಲ್ಲಿ ಪೈಪನ್ನು ಸಿಮೆಂಟಿನಿಂದ ಬಿಗಿಯಬಾರದು. ದೊಡ್ಡ ಪೈಪಿನ ತುಂಡೊಂದನ್ನು ಗೋಡೆಗೆ ಹೂತು ಅದರೊಳಗಿಂದ ಇದು ಸಡಿಲವಾಗಿ ಹಾದುಹೋಗಲಿ. ರಾಯಚೂರು, ಸಿಂಧನೂರು, ಸಿರುಗುಪ್ಪದ ಕಡೆ ಎರೆ ಭೂಮಿಯಲ್ಲಿ ಮನೆ ಕಟ್ಟುವವರು ಇದನ್ನು ಮೊದಲೇ ಮಾಡಿಸಿಕೊಂಡರೆ ಖರ್ಚು ಅತಿ ಕಡಿಮೆ.

ಇನ್ನು ಕೊಪ್ಪಳದ ಮನೆ. ಗೌಂಡಿಯ ಮಾತು ಕೇಳಬೇಡಿ. ಒಂದು ದಿನದ ಕೆಲಸ ಅನ್ನುತ್ತಿದ್ದಾನೆಂದರೆ ಹಳೆಯ ಟ್ರ್ಯಾಪನ್ನು ಅಲ್ಲೇ ಬಿಡುವ ಆಲೋಚನೆ ಇರಬೇಕು. ಇಂಡಿಯನ್ ಪ್ಯಾನಿಗೆ ತನ್ನದೇ ಬಾಗು ಇರುವುದಿಲ್ಲ, ಅದರ ಟ್ರ್ಯಾಪು ಬೇರೆಯಾಗಿ ನೆಲದೊಳಗೆ ಹೂತಿರುತ್ತದೆ. ಕಮೋಡಿಗೆ ಬಾಗು ಅದರ ಮೈಯಲ್ಲೇ ಇದೆ. ಹಳೆಯದನ್ನು ತೆಗೆಯದೆ ಮೇಲೆ ಕಮೋಡ್ ಇಟ್ಟರೆ ಒಂದೇ ದಾರಿಯಲ್ಲಿ ಎರಡು ಬಾಗು, ಎರಡರಲ್ಲೂ ನೀರು, ನಡುವೆ ಸಿಕ್ಕಿಕೊಂಡ ಗಾಳಿ. ಫ್ಲಶ್ ಮಾಡಿದ ನೀರು ಮುಂದೆ ಹೋಗಲಾರದೆ ಮೇಲೇರುತ್ತದೆ, ಮಲ ಎರಡನೇ ಬಾಗಿನಲ್ಲಿ ನಿಲ್ಲುತ್ತದೆ. ಮೊದಲ ತಿಂಗಳು ಎಲ್ಲ ಸರಿ ಇದ್ದಂತೆ ಕಾಣುತ್ತದೆ, ಅಷ್ಟರಲ್ಲಿ ಗೌಂಡಿಗೆ ದುಡ್ಡೂ ಸಂದಿರುತ್ತದೆ. ಪ್ಯಾನಿನ ಜೊತೆ ಆ ಟ್ರ್ಯಾಪೂ ಹೊರಬರಬೇಕು, ಅದನ್ನು ನಿಮ್ಮ ಕಣ್ಣಿಂದ ನೋಡಬೇಕು. ಕೆಲಸ ಒಪ್ಪಿಸುವಾಗಲೇ ಈ ಮಾತು ಆಡಿಬಿಡಿ.

ಹಳೇ ಪ್ಯಾನಿನ ತೂತು ಗೋಡೆಯಿಂದ ದೂರವೇ ಇರುತ್ತದೆ. ಅದೇ ತೂತಿಗೆ ಎಸ್ ಟ್ರ್ಯಾಪ್ ಕಮೋಡ್ ಕೂರಿಸಹೋದರೆ ಅದು ಕೋಣೆಯ ನಡುವೆ ಬಂದು ನಿಲ್ಲುತ್ತದೆ. ಹಿತ್ತಲ ಸಂಡಾಸ ಅಂದಿರಿ, ಹಾಗಾದರೆ ಅದರ ಹಿಂಗೋಡೆಯ ಆಚೆ ಬಯಲೋ ಓಣಿಯೋ ಇದ್ದೀತು. ನಿಮ್ಮದೇ ಜಾಗವಾದರೆ ಪಿ ಟ್ರ್ಯಾಪ್ ತಗೊಂಡು, ಗೋಡೆಗೆ ತೂತು ಹಾಕಿ, ಪೈಪನ್ನು ಹೊರಗೆ ತೆಗೆದು, ಅಲ್ಲೊಂದು ಚಿಕ್ಕ ಚೇಂಬರ್ ಕಟ್ಟಿಸಿ ಗುಂಡಿಗೆ ಸೇರಿಸಿ. ನೆಲ ಹೆಚ್ಚು ಅಗೆಯಬೇಕಿಲ್ಲ, ಮುಂದೆ ಕಟ್ಟಿಕೊಂಡರೂ ಹೊರಗಿನಿಂದಲೇ ಕೋಲು ಹಾಕಬಹುದು. ಗೋಡೆ ಇಟ್ಟಂಗಿಯದಾದರೆ ಏನೂ ತೊಂದರೆಯಿಲ್ಲ. ಮಣ್ಣಿನಲ್ಲಿ ಕಟ್ಟಿದ ಕಾಡುಗಲ್ಲಿನ ಗೋಡೆಯಾದರೆ ಸುತ್ತಿಗೆ ಏಟಿಗೆ ಸುತ್ತಲ ಕಲ್ಲು ಸಡಿಲವಾಗುತ್ತವೆ. ಒಂದೊಂದೇ ಕಲ್ಲು ಬಿಡಿಸಿ, ತೂತಿನ ಮೇಲೊಂದು ಕಲ್ಲಿನ ಹಾಸು ಕೊಟ್ಟು ಮತ್ತೆ ಕಟ್ಟಬೇಕು.

ಅಂದಹಾಗೆ, ಸಂಡಾಸ ಹಿತ್ತಲ ತುದಿಯಲ್ಲೇ ಯಾಕಿದೆ? ಬಹಳಷ್ಟು ಹಳೆಯ ಮನೆಗಳಲ್ಲಿ ಅದು ಮಲ ಹೊರಿಸುತ್ತಿದ್ದ ಕಾಲದ ಜಾಗ. ಮನೆಯೊಳಗೆ ಕಾಲಿಡಲು ಬಿಡದೆ ಹಿಂದಿನ ಓಣಿಯಿಂದಲೇ ಮನುಷ್ಯರ ಕೈಲಿ ಬಳಿಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಪದ್ಧತಿ ಹೋದರೂ ಎಷ್ಟೋ ಮನೆಗಳಲ್ಲಿ ಜಾಗ ಹಾಗೇ ಉಳಿದು, ಅಲ್ಲೇ ಗುಂಡಿ ತೋಡಿ ಪ್ಯಾನ್ ಕೂರಿಸಿದರು. ಇವತ್ತು ನೀರಿನ ಬಾಗಿರುವ ಕಮೋಡನ್ನು ಅಷ್ಟು ದೂರ ಇಡಬೇಕಾದ ಕಾರಣವೇ ಇಲ್ಲ. ಅವ್ವ ಮಲಗುವ ಕೋಣೆಯ ಪಕ್ಕ, ಹೊರಗೋಡೆಗೆ ತಾಗಿದಂತೆ ನಾಲ್ಕಡಿಗೆ ಐದಡಿ ಜಾಗ ಸಿಗುವಂತಿದ್ದರೆ ಹಳೆಯದನ್ನು ಹಾಗೇ ಬಿಟ್ಟು ಇಲ್ಲೊಂದು ಹೊಸದು ಕಟ್ಟಿಸುವುದೇ ಮೇಲು. ರಾತ್ರಿ ಎರಡು ಗಂಟೆಗೆ ಆಪರೇಷನ್ ಆದ ಕಾಲಿನಲ್ಲಿ ಹಿತ್ತಲ ಕಲ್ಲುಗಳ ಮೇಲೆ ನಡೆಸುವುದಕ್ಕಿಂತ ನಾಲ್ಕು ಉದ್ದ ಪೈಪು ಅಗ್ಗ. ಕೆಲಸ ನಡೆಯುವಷ್ಟು ದಿನ ಮನೆಯವರಿಗೆ ಹಳೆಯದೂ ಬಳಕೆಗೆ ಸಿಗುತ್ತದೆ, ಅದು ಸಣ್ಣ ಅನುಕೂಲವಲ್ಲ.

ಹಳೆಯ ಜಾಗದಲ್ಲೇ ಮಾಡಿಸುವುದಾದರೆ ಕೋಣೆ ಅಳೆಯಿರಿ. ಟ್ಯಾಂಕು ಸಮೇತ ಕಮೋಡ್ ಗೋಡೆಯಿಂದ ಮುಂದಕ್ಕೆ 26ರಿಂದ 28 ಇಂಚು ಬರುತ್ತದೆ, ಅದರ ಮುಂದೆ ಕನಿಷ್ಠ 20 ಇಂಚು ಖಾಲಿ ಬೇಕು, ನಡುಮಧ್ಯದಿಂದ ಪಕ್ಕದ ಗೋಡೆಗೆ 15 ಇಂಚು. ಮೂರಡಿಗೆ ಮೂರಡಿಯ ಹಳೇ ಕೋಣೆಯಲ್ಲಿ ಇದು ಕೂರುವುದಿಲ್ಲ. ಮತ್ತೊಂದು ಮುಖ್ಯ ಮಾತು ಬಾಗಿಲಿನದು. ಒಳಕ್ಕೆ ತೆರೆಯುವ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿಸಿ, ಚಿಲಕ ಹೊರಗಿನಿಂದಲೂ ಬಿಚ್ಚುವಂಥದ್ದಿರಲಿ. ವಯಸ್ಸಾದವರು ಒಳಗೆ ಬಿದ್ದರೆ ಬಾಗಿಲಿಗೇ ಅಡ್ಡ ಬೀಳುತ್ತಾರೆ, ಆಗ ಒಳಗೆ ದೂಡಲು ಆಗುವುದಿಲ್ಲ.

ಎತ್ತರ: ಸಾಮಾನ್ಯ ಕಮೋಡ್ ಸುಮಾರು 400 ಮಿ.ಮೀ. ಅವ್ವನಿಗೆ ಇದು ತಗ್ಗಾಗಬಹುದು. ಅವರು ಕೈಯೂರದೆ ಆರಾಮಾಗಿ ಏಳುವ ಕುರ್ಚಿ ಯಾವುದೋ ಅದರ ಎತ್ತರ ಅಳೆಯಿರಿ, 450 ಮಿ.ಮೀ. ಆಸುಪಾಸು ಬಂದೀತು. ಆಪರೇಷನ್ ಮಾಡಿದ ಡಾಕ್ಟರನ್ನೂ ಒಂದು ಮಾತು ಕೇಳಿ. ಎತ್ತರದ ಮಾದರಿ ಸಿಗುತ್ತದೆ, ಇಲ್ಲವೇ ಇರುವುದರ ಮೇಲೆ ಎತ್ತರಿಸುವ ಸೀಟು ಹಾಕಬಹುದು. ಗೋಡೆಗೆ ತೂಗುವ ಕಮೋಡಿನಲ್ಲಿ ಬೇಕಾದ ಎತ್ತರ ಸಿಗುತ್ತದೆ ಎಂದು ಅಂಗಡಿಯವರು ಹೇಳಿದರೆ ಅದು ನಿಜವೇ, ಆದರೆ ಮಣ್ಣಿನ ಗೋಡೆಗೆ ಅದು ಸಲ್ಲದು. ಹಿಡಿದು ಏಳುವ ಹಿಡಿಕೆಯೂ ಅಷ್ಟೇ. ಅಂಥ ಗೋಡೆಯಲ್ಲಿ ಸ್ಕ್ರೂ ಹಿಡಿಸುವ ರಾಲ್ ಪ್ಲಗ್ ನಿಲ್ಲುವುದಿಲ್ಲ, ಮೈಭಾರ ಬಿದ್ದ ದಿನ ಕಿತ್ತುಬರುತ್ತದೆ. ನೆಲಕ್ಕೆ ಬೋಲ್ಟ್ ಮಾಡುವ ಕಬ್ಬಿಣದ ಚೌಕಟ್ಟಿನ ಹಿಡಿಕೆ ಹಾಕಿಸಿ. ಅಂಚಿನ ಮೇಲೆ ಕಾಲಿಟ್ಟೂ ಕೂರಬಹುದಾದ ಆಂಗ್ಲೋ ಇಂಡಿಯನ್ ಮಾದರಿಯನ್ನು ಮನೆಯ ಗಂಡಸರು ಕೇಳಿಯಾರು. ಮುದುಕರಿರುವ ಮನೆಗೆ ಅದು ಬೇಡ.

ಗುಂಡಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ಓಣಿಗೆ ಒಳಚರಂಡಿ ಬಂದಿದ್ದು ನಿಮ್ಮ ಮನೆ ಅದಕ್ಕೆ ಸೇರಿದ್ದರೆ ಈ ಭಾಗ ಬಿಟ್ಟುಬಿಡಿ. ಇಂಗುಗುಂಡಿಯೇ ಆಗಿದ್ದರೆ, ಇಷ್ಟು ದಿನ ತಂಬಿಗೆಯಲ್ಲಿ ಎರಡು ಮೂರು ಲೀಟರ್ ಸುರಿಯುತ್ತಿದ್ದಲ್ಲಿ ಇನ್ನು ಮೇಲೆ ಟ್ಯಾಂಕಿನ ನೀರು ಹೋಗುತ್ತದೆ. ಐದು ಜನರ ಮನೆ, ತಲೆಗೆ ದಿನಕ್ಕೆ ಐದು ಸಲ ಅಂದರೆ 3 ಮತ್ತು 6 ಲೀಟರಿನ ಟ್ಯಾಂಕಿನಲ್ಲಿ ದಿನಕ್ಕೆ 100 ಲೀಟರ್ ಆಸುಪಾಸು. ಹಳೆಯ 10 ಲೀಟರಿನ ಟ್ಯಾಂಕು ಹಾಕಿದರೆ 250. ಮಸಾರಿ (ಕೆಂಪು) ಮಣ್ಣು ನೀರು ಕುಡಿಯುತ್ತದೆ, ಎರೆಮಣ್ಣು ಕುಡಿಯುವುದಿಲ್ಲ. ಗುಂಡಿ ತುಂಬಿದ್ದರೆ ಕಮೋಡ್ ಕೂರಿಸುವ ಮುಂಚೆಯೇ ಹೀರುವ ಗಾಡಿ ಕರೆಸಿ. ಒಳಗೆ ಯಾರನ್ನೂ ಇಳಿಸಬೇಡಿ. ರಕ್ಷಣಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಕೆಲಸ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಸಾಧನ ಕೊಟ್ಟರೂ ಇಳಿಸಬೇಡಿ ಅನ್ನುವುದು ನನ್ನ ಮಾತು. ಮುಚ್ಚಳ ತೆಗೆದ ಕೂಡಲೇ ಬಗ್ಗಿ ನೋಡುವುದೂ ಬೇಡ.

ಬೋರಿನ ನೀರು ಬಳಸುವಿರಾದರೆ, ನಮ್ಮ ಕಡೆಯ ಗಡಸು ನೀರಿಗೆ ಟ್ಯಾಂಕಿನ ವಾಲ್ವು ಬಿಳಿ ಪದರ ಕಟ್ಟಿ ಬಿಗಿಯುತ್ತದೆ. ಗೋಡೆಯೊಳಗೆ ಮುಚ್ಚಿಡುವ ಟ್ಯಾಂಕನ್ನು ನಾನು ಈ ಕಾರಣಕ್ಕೇ ಒಪ್ಪುವುದಿಲ್ಲ. ಬಿಡಿಭಾಗ ತರಿಸಿ ಸರಿಮಾಡುವವರು ಸಿಗುವಷ್ಟರಲ್ಲಿ ತಿಂಗಳು ಕಳೆಯುತ್ತದೆ. ಅಂಚಿಲ್ಲದ ರಿಮ್‌ಲೆಸ್ ಮಾದರಿ ತೊಳೆಯಲು ಸಲೀಸು. ಕಲೆಗೆ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ನೀರಿನಲ್ಲಿ ಕರಗಿಸಿ ರಾತ್ರಿಯಿಡೀ ಬಿಟ್ಟು ಉಜ್ಜಿ. ಬಾಟಲಿಯಲ್ಲಿ ಮಾರುವ ಆಸಿಡ್ ಸಿಮೆಂಟು ಸಂದುಗಳನ್ನೂ ಸ್ಟೀಲಿನ ನಳಗಳನ್ನೂ ತಿನ್ನುತ್ತದೆ, ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕೊಳೆಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ಮೇಲೆ ಆಸಿಡ್ ಸುರಿಯಲೇಬಾರದು, ಏಳುವ ಕ್ಲೋರಿನ್ ಗಾಳಿ ಸಣ್ಣ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ.

ಅಂಗಡಿಯವರಿಗೆ ಈಗ ಹೀಗೆ ಹೇಳಿ: ಕೊಪ್ಪಳಕ್ಕೆ ಒಂದು, ವಾಷ್‌ಡೌನ್, ಪಿ ಟ್ರ್ಯಾಪ್, ಎತ್ತರದ ಸೀಟು. ಬಳ್ಳಾರಿಯದು ಚೇಂಬರ್ ತೆರೆದು ನೋಡಿದ ಮೇಲೆ. ಒಡೆಯುವ ದಿನ ಮನೆಯವರೊಬ್ಬರು ಅಲ್ಲೇ ಇರಲಿ. ಹಳೇ ಟ್ರ್ಯಾಪ್ ಹೊರಬಂದ ಕೂಡಲೇ ಪೈಪಿನ ಬಾಯಿಗೆ ಮುಚ್ಚಳ ಬಿಗಿಸಿ, ಅದಿಲ್ಲದಿದ್ದರೆ ಗೋಣಿಚೀಲ ಸುತ್ತಿ ತುರುಕಿಸಿ. ಟೈಲ್ಸಿನ ಚೂರು, ಗಾರೆ ಅದರೊಳಗೆ ಬಿದ್ದರೆ ಹೊಸ ಕಮೋಡ್ ಮೊದಲ ದಿನವೇ ಕಟ್ಟಿಕೊಳ್ಳುತ್ತದೆ. ಹೊಸ ಪೈಪು ಜೋಡಿಸಿದ ಮೇಲೆ, ನೆಲ ಮುಚ್ಚುವ ಮುಂಚೆ ಅದರ ಕೆಳಗಿನ ತುದಿ ಕಟ್ಟಿ ನೀರು ತುಂಬಿಸಿ ಒಂದು ರಾತ್ರಿ ಬಿಡಿಸಿ. ಬೆಳಗ್ಗೆ ಮಟ್ಟ ಇಳಿದಿಲ್ಲವಾದರೆ ಟೈಲ್ಸಿನ ಕೆಲಸಕ್ಕೆ ಒಪ್ಪಿಗೆ ಕೊಡಿ.